ಎಣ್ಣೆ ತೆಗೆಯಲು ಎಷ್ಟು ಎಣ್ಣೆ? ಆಯಿಲ್ ಸ್ಯಾಂಡ್ಸ್, ಆಯಿಲ್ ಶೇಲ್, ಟೈಟ್ ಆಯಿಲ್: ನಿವ್ವಳ ಶಕ್ತಿಯನ್ನು ಯಾವ ಲೆಕ್ಕದಲ್ಲಿ ಅಳೆಯಬೇಕು

ಮಂಡ್ಯ ಕಡೆಯ ಆಲೆಮನೆಯಲ್ಲಿ ಒಂದು ಗಂಟೆ ನಿಂತು ನೋಡಿದವರಿಗೆ ಈ ಲೇಖನದ ಅರ್ಧ ವಿಷಯ ಆಗಲೇ ಗೊತ್ತು. ಗಾಣದಿಂದ ಕಬ್ಬಿನ ಹಾಲು ಕೊಪ್ಪರಿಗೆಗೆ ಹರಿಯುತ್ತದೆ. ಹಿಂಡಿ ಉಳಿದ ರಚ್ಚನ್ನು ಅಂಗಳದಲ್ಲಿ ಒಣಗಲು ಹರಡಿರುತ್ತಾರೆ, ಒಲೆಯ ಮುಂದೆ ಕೂತವನು ಅದನ್ನೇ ಕಂತೆಕಂತೆಯಾಗಿ ಬೆಂಕಿಗೆ ತಳ್ಳುತ್ತಿರುತ್ತಾನೆ. ಸೌದೆ ಕೊಳ್ಳುವ ಮಾತೇ ಇಲ್ಲ. ಹೊರಗಿನಿಂದ ಬರುವುದೆಂದರೆ ಗಾಣದ ಮೋಟರಿಗೆ ಕರೆಂಟು, ಕಬ್ಬು ಹೊರುವ ಟ್ರ್ಯಾಕ್ಟರಿಗೆ ಡೀಸೆಲ್. ಈಗ ಒಂದು ಅಚ್ಚು ಬೆಲ್ಲಕ್ಕೆ ಎಷ್ಟು ಶಕ್ತಿ ಖರ್ಚಾಯಿತು ಎಂದು ಕೇಳಿದರೆ ಎರಡು ಉತ್ತರ ಸಿಗುತ್ತವೆ. ರಚ್ಚಿನ ಬೆಂಕಿಯನ್ನು ಸೇರಿಸಿದರೆ ಒಂದು, ಸೇರಿಸದಿದ್ದರೆ ಇನ್ನೊಂದು. ಎರಡೂ ನಿಜ, ಆದರೆ ಎರಡರ ನಡುವೆ ಅಜಗಜಾಂತರ.

ಕೆನಡಾದ ಆಲ್ಬರ್ಟಾದಲ್ಲಿ ಮರಳಿನಿಂದ ತೆಗೆಯುವ ಎಣ್ಣೆ (ಆಯಿಲ್ ಸ್ಯಾಂಡ್ಸ್), ಅಮೆರಿಕದ ಕೊಲರಾಡೊದಲ್ಲಿ ಬಂಡೆ ಕಾಯಿಸಿ ತೆಗೆಯಲು ನೋಡಿದ ಎಣ್ಣೆ (ಆಯಿಲ್ ಶೇಲ್), ನಾರ್ತ್ ಡಕೋಟಾದಲ್ಲಿ ಬಂಡೆ ಒಡೆದು ತೆಗೆಯುವ ಎಣ್ಣೆ (ಟೈಟ್ ಆಯಿಲ್), ಇವುಗಳ ಬಗ್ಗೆ ಓದುವಾಗ ನಾನು ಮೊದಲು ಎಡವಿದ್ದು ಇಲ್ಲೇ. ಹಾಕಿದ ಒಂದು ಪಾಲು ಶಕ್ತಿಗೆ ಎಷ್ಟು ಪಾಲು ಮರಳಿ ಬರುತ್ತದೆ ಎಂದರೆ ಒಂದು ವರದಿ 3 ಎನ್ನುತ್ತದೆ, ಇನ್ನೊಂದು 8 ಎನ್ನುತ್ತದೆ, ಮತ್ತೊಂದು 30 ಎನ್ನುತ್ತದೆ. ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡಿದ್ದೆ. ಹಾಗಲ್ಲ. ಬಹುಪಾಲು ಅವರು ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿರುತ್ತಾರೆ. ಯಾವ ಎಣ್ಣೆ ಮೇಲು ಎಂದು ತೀರ್ಮಾನಿಸುವ ಮೊದಲು ಯಾವ ಅಳತೆ ಎಂದು ತೀರ್ಮಾನಿಸಬೇಕು. ಈ ಮಾರ್ಗದರ್ಶಿ ಇರುವುದು ಅದಕ್ಕೆ.

ಅನುಪಾತ ಹೇಳುವುದೇನು

ಇಆರ್‌ಒಐ (ಎನರ್ಜಿ ರಿಟರ್ನ್ ಆನ್ ಇನ್ವೆಸ್ಟ್‌ಮೆಂಟ್, ಅಂದರೆ ಹೂಡಿದ ಶಕ್ತಿಗೆ ಮರಳಿದ ಶಕ್ತಿ) ಎಂದು ಕರೆಯುವ ಈ ಅನುಪಾತವನ್ನು ಬಳಕೆಗೆ ತಂದವರಲ್ಲಿ ಮುಖ್ಯರು ಅಮೆರಿಕದ ಪರಿಸರ ವಿಜ್ಞಾನಿ ಚಾರ್ಲ್ಸ್ ಹಾಲ್. ಹೊಳೆಯ ಮೀನುಗಳು ವಲಸೆಗೆ ಖರ್ಚು ಮಾಡುವ ಶಕ್ತಿಗೆ ಪ್ರತಿಯಾಗಿ ಏನು ಗಳಿಸುತ್ತವೆ ಎಂದು ಅಧ್ಯಯನ ಮಾಡಿದವರು ಅವರು. ಅದೇ ಪ್ರಶ್ನೆಯನ್ನು ಆಮೇಲೆ ಎಣ್ಣೆ ಬಾವಿಗಳಿಗೆ ಕೇಳಿದರು. ಕಟ್ಲರ್ ಕ್ಲೀವ್‌ಲ್ಯಾಂಡ್ ಜೊತೆ ಬರೆದ ಅವರ ಪ್ರಸಿದ್ಧ ಲೇಖನ 1981ರದು. ಸೂತ್ರ ಸರಳ: ಕೈಗೆ ಬಂದ ಶಕ್ತಿಯನ್ನು ಹಾಕಿದ ಶಕ್ತಿಯಿಂದ ಭಾಗಿಸಿ.

ಈ ಸಂಖ್ಯೆ ಏರಿದಂತೆ ಲಾಭ ಅದೇ ಲೆಕ್ಕದಲ್ಲಿ ಏರುವುದಿಲ್ಲ, ಇದನ್ನು ಮನಸ್ಸಿನಲ್ಲಿಡಬೇಕು. ಅನುಪಾತ 50 ಇದ್ದರೆ ತೆಗೆದ ನೂರು ಪಾಲಿನಲ್ಲಿ 98 ಸಮಾಜಕ್ಕೆ ಉಳಿಯುತ್ತದೆ. 20 ಇದ್ದರೆ 95, 10 ಇದ್ದರೆ 90. ಐವತ್ತರಿಂದ ಹತ್ತಕ್ಕೆ ಇಳಿದರೂ ಕಳೆದುಕೊಂಡದ್ದು ಎಂಟೇ ಪಾಲು. ಐದರಿಂದ ಕೆಳಗೆ ಮಾತ್ರ ನೆಲ ಕುಸಿಯುತ್ತದೆ: 5ಕ್ಕೆ 80 ಪಾಲು, 3ಕ್ಕೆ 67, 2ಕ್ಕೆ 50, 1.2ಕ್ಕೆ ಬರೀ 17. ಹಾಗಾಗಿ 30 ಮತ್ತು 20ರ ನಡುವಿನ ಜಗಳಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 4 ಮತ್ತು 2ರ ನಡುವಿನ ಜಗಳಕ್ಕೆ ಖಂಡಿತ ಕೆಡಿಸಿಕೊಳ್ಳಿ. ಈ ಮೂರರಂಥ ಸಾಂಪ್ರದಾಯಿಕವಲ್ಲದ ಎಣ್ಣೆಗಳಲ್ಲಿ ಹಲವು ನಿಂತಿರುವುದು ಸರಿಯಾಗಿ ಆ ಅಂಚಿನಲ್ಲಿ. ಅಲ್ಲಿ ಅಳತೆಯ ಸಣ್ಣ ಆಯ್ಕೆಯೂ ತೀರ್ಪನ್ನೇ ತಿರುಗಿಸುತ್ತದೆ.

ಮೊದಲ ಆಯ್ಕೆ: ಒಲೆಗೆ ಹಾಕಿದ ರಚ್ಚು ಲೆಕ್ಕಕ್ಕೆ ಸೇರಬೇಕೇ?

ಎಲ್ಲಕ್ಕಿಂತ ದೊಡ್ಡ ಕವಲು ಇದು. ಆಲ್ಬರ್ಟಾದ ಫೋರ್ಟ್ ಮೆಕ್‌ಮರ್ರಿ ಸುತ್ತಲಿನ ಮರಳಿನಲ್ಲಿ ತೂಕದ ಸುಮಾರು ಹತ್ತನೇ ಒಂದು ಪಾಲು ಬಿಟುಮೆನ್, ಅಂದರೆ ಡಾಂಬರಿನಂಥ ಗಟ್ಟಿ ಎಣ್ಣೆ. ಒಂದು ಬ್ಯಾರೆಲ್ ಎಣ್ಣೆಗೆ ಹೆಚ್ಚುಕಡಿಮೆ ಎರಡು ಟನ್ ಮರಳು ಅಗೆಯಬೇಕು. ಅಲ್ಲಿಯ ಮರಳಿನ ಕಾಳುಗಳ ಸುತ್ತ ನೀರಿನ ತೆಳುವಾದ ಪೊರೆಯೊಂದಿದೆ, ಬಿಟುಮೆನ್ ಆ ಪೊರೆಯ ಹೊರಗೆ ಅಂಟಿಕೊಂಡಿರುತ್ತದೆ. ಬಿಸಿನೀರು ಹಾಕಿ ಕಲಕಿದರೆ ಎಣ್ಣೆ ಬಿಟ್ಟುಕೊಂಡು ನೊರೆಯಾಗಿ ಮೇಲೇಳುತ್ತದೆ. 1920ರ ದಶಕದಲ್ಲಿ ಕಾರ್ಲ್ ಕ್ಲಾರ್ಕ್ ಹದಕ್ಕೆ ತಂದ ಈ ಬಿಸಿನೀರಿನ ವಿಧಾನವೇ 1967ರಲ್ಲಿ ಶುರುವಾದ ಮೊದಲ ದೊಡ್ಡ ಗಣಿಗೆ ಬುನಾದಿ.

ಬಂದ ಬಿಟುಮೆನ್ ಅನ್ನು ಹಗುರ ಎಣ್ಣೆಯಾಗಿಸುವ ಘಟಕಕ್ಕೆ ಅಪ್‌ಗ್ರೇಡರ್ ಎನ್ನುತ್ತಾರೆ. ಅದರಲ್ಲಿ ಒಂದಷ್ಟು ಇಂಗಾಲ ಕೋಕ್ ಎಂಬ ಕಲ್ಲಿದ್ದಲಿನಂಥ ಗಟ್ಟಿ ಉಳಿಕೆಯಾಗಿ, ಒಂದಷ್ಟು ಅನಿಲವಾಗಿ ಬೇರ್ಪಡುತ್ತದೆ. ಆ ಅನಿಲವನ್ನೂ ಹಲವೆಡೆ ಕೋಕನ್ನೂ ಅಲ್ಲೇ ಸುಡುತ್ತಾರೆ. ಥೇಟ್ ಆಲೆಮನೆ.

ಒಂದು ಕಾಲ್ಪನಿಕ ಘಟಕವನ್ನು ಮುಂದಿಟ್ಟುಕೊಳ್ಳೋಣ. ನೆಲದಿಂದ ಬಂದ ಬಿಟುಮೆನ್‌ನಲ್ಲಿ 100 ಪಾಲು ಶಕ್ತಿ. ಅದರಲ್ಲಿ 20 ಪಾಲು ಘಟಕದ ಒಲೆಗೇ ಹೋಯಿತು. ಹೊರಗಿನಿಂದ ಕೊಂಡ ನೈಸರ್ಗಿಕ ಅನಿಲ, ಡೀಸೆಲ್, ಕರೆಂಟು ಸೇರಿ 10 ಪಾಲು. ಮಾರಾಟಕ್ಕೆ ಹೊರಟದ್ದು 80. ಹೊರಗಿನಿಂದ ಬಂದದ್ದನ್ನು ಮಾತ್ರ ಎಣಿಸಿದರೆ ಅನುಪಾತ 80ಕ್ಕೆ 10, ಅಂದರೆ 8. ಎಲ್ಲ ಖರ್ಚನ್ನೂ ಎಣಿಸಿದರೆ 80ಕ್ಕೆ 30, ಅಂದರೆ 2.7. ಇನ್ನೂ ಕೆಲವರು ಮೇಲಿನ ಅಂಕಿಗೆ ಮಾರಿದ 80ರ ಬದಲು ತೆಗೆದ 100ನ್ನು ಇಡುತ್ತಾರೆ, ಆಗ 3.3. ಒಂದೇ ಘಟಕ, ಒಂದೇ ದಿನ, ಮೂರು ಉತ್ತರ. ಯಾವುದನ್ನೂ ತಪ್ಪೆನ್ನುವ ಹಾಗಿಲ್ಲ.

ಮೊದಲನೆಯದನ್ನು ಬಾಹ್ಯ ಶಕ್ತಿ ಅನುಪಾತ ಎನ್ನೋಣ, ಎರಡನೆಯದನ್ನು ಒಟ್ಟು ಖರ್ಚಿನ ಅನುಪಾತ. ನಿಮ್ಮ ಪ್ರಶ್ನೆ "ಈ ಉದ್ಯಮ ನಡೆಯಲು ಉಳಿದ ಸಮಾಜ ತನ್ನ ಇಂಧನದಲ್ಲಿ ಎಷ್ಟು ಬಿಟ್ಟುಕೊಡಬೇಕು?" ಎಂಬುದಾದರೆ ಬಾಹ್ಯ ಅನುಪಾತ ಸರಿ. ನೆಲದಡಿ ಬಿದ್ದಿದ್ದ ಬಿಟುಮೆನ್‌ಗೆ ಬೇರೆ ಗಿರಾಕಿ ಇರಲಿಲ್ಲ, ಅದು ತನ್ನನ್ನು ತಾನೇ ಸುಟ್ಟುಕೊಂಡರೆ ಸಮಾಜದ ಜೇಬಿನಿಂದ ಏನೂ ಹೋಗಲಿಲ್ಲ. ಆದರೆ ಪ್ರಶ್ನೆ ಹೊಗೆಯದ್ದಾದರೆ, ಅಥವಾ ನಿಕ್ಷೇಪ ಎಷ್ಟು ಬೇಗ ಕರಗುತ್ತದೆ ಎಂಬುದಾದರೆ, ಒಟ್ಟು ಖರ್ಚಿನ ಅನುಪಾತವೇ ಬೇಕು. ಸ್ವಂತ ಕೋಕ್ ಸುಟ್ಟರೆ ಬರುವ ಇಂಗಾಲದ ಡೈಆಕ್ಸೈಡ್ ಕೊಂಡ ಅನಿಲದ್ದಕ್ಕಿಂತ ಹೆಚ್ಚೇ. ಆಕಾಶಕ್ಕೆ ಮನೆಯ ಸೌದೆ, ಅಂಗಡಿಯ ಸೌದೆ ಎಂಬ ಭೇದವಿಲ್ಲ.

ನನಗೆ ಒಂದನ್ನೇ ಆರಿಸು ಎಂದರೆ ಒಟ್ಟು ಖರ್ಚಿನದನ್ನೇ ಆರಿಸುತ್ತೇನೆ. ಬಾಹ್ಯ ಅನುಪಾತವನ್ನು ಹಿಗ್ಗಿಸುವುದು ತೀರ ಸುಲಭ: ಕೊಂಡ ಅನಿಲ ಬಿಟ್ಟು ಸ್ವಂತ ಎಣ್ಣೆ ಸುಡಲು ಶುರುಮಾಡಿದರೆ ಸಾಕು, ದಕ್ಷತೆ ಕೂದಲೆಳೆಯಷ್ಟೂ ಸುಧಾರಿಸದೆ ಸಂಖ್ಯೆ ಮೇಲೇರುತ್ತದೆ. ಆಯಿಲ್ ಶೇಲ್ ಕುರಿತು ಕ್ಲೀವ್‌ಲ್ಯಾಂಡ್ ಮತ್ತು ಒಕಾನರ್ 2011ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಜಾಲಾಡಿದಾಗ ಕಂಡದ್ದೂ ಇದನ್ನೇ. ಸ್ವಂತ ಶಕ್ತಿಯನ್ನು ಖರ್ಚೆಂದು ಹಿಡಿದರೆ ನಂಬಬಹುದಾದ ಅಂದಾಜುಗಳೆಲ್ಲ 1 ಮತ್ತು 2ರ ನಡುವೆ ಬಂದು ಕೂತವು. ಹಿಡಿಯದಿದ್ದರೆ ಅದಕ್ಕಿಂತ ಎಷ್ಟೋ ಮೇಲೆ.

ಎರಡನೆಯದು: ಬಾವಿಯ ಬಾಯಲ್ಲೋ, ಪೆಟ್ರೋಲ್ ಬಂಕಿನಲ್ಲೋ?

ಹಾಲ್ ಮತ್ತು ಸಂಗಡಿಗರು 2011ರಲ್ಲಿ ಒಂದು ಶಿಸ್ತು ಸೂಚಿಸಿದರು. ಎಲ್ಲರೂ ಮೊದಲು ಬಾವಿಯ ಬಾಯಲ್ಲಿನ ಪ್ರಮಾಣಿತ ಅನುಪಾತ ಕೊಡಿ, ಆಮೇಲೆ ಬೇಕಾದರೆ ಬಳಕೆಯ ಜಾಗದವರೆಗೆ ವಿಸ್ತರಿಸಿ ಬೇರೆ ಹೆಸರಿನಲ್ಲಿ ಕೊಡಿ ಎಂದು. ಒಳ್ಳೆಯ ಶಿಸ್ತು. ಆದರೆ ಸಾಂಪ್ರದಾಯಿಕವಲ್ಲದ ಎಣ್ಣೆಗೆ ಬಾವಿಯ ಬಾಯಿ ಮೋಸದ ಜಾಗ, ಯಾಕೆಂದರೆ ಅಲ್ಲಿ ಹೊರಬಂದದ್ದು ಇನ್ನೂ ಎಣ್ಣೆಯೇ ಆಗಿರುವುದಿಲ್ಲ.

ಕೈಲೆಕ್ಕ ಮಾಡಿ ನೋಡೋಣ. ಆಲ್ಬರ್ಟಾದಲ್ಲಿ ಆಳದ ಬಿಟುಮೆನ್ ತೆಗೆಯುವ ಮುಖ್ಯ ವಿಧಾನ ಎಸ್‌ಎಜಿಡಿ, ಇಂಜಿನಿಯರ್ ರೋಜರ್ ಬಟ್ಲರ್ ರೂಪಿಸಿದ್ದು. ಒಂದರ ಮೇಲೊಂದು, ಸುಮಾರು 5 ಮೀಟರ್ ಅಂತರದಲ್ಲಿ ಎರಡು ಅಡ್ಡಬಾವಿ. ಮೇಲಿನದರಲ್ಲಿ ಹಬೆ ಬಿಡುತ್ತಾರೆ, ಕರಗಿದ ಬಿಟುಮೆನ್ ಕೆಳಗಿನದಕ್ಕೆ ಇಳಿದು ಬರುತ್ತದೆ. ಇಲ್ಲಿ ನೋಡಬೇಕಾದ ಒಂದೇ ಅಂಕಿ ಹಬೆ-ಎಣ್ಣೆ ಅನುಪಾತ: ಒಂದು ಬ್ಯಾರೆಲ್ ಬಿಟುಮೆನ್‌ಗೆ ಎಷ್ಟು ಬ್ಯಾರೆಲ್ ನೀರನ್ನು ಹಬೆಯಾಗಿಸಬೇಕು ಎಂಬುದು.

ಅದು 3 ಎಂದಿಟ್ಟುಕೊಳ್ಳಿ. ಬ್ಯಾರೆಲ್ ಎಂದರೆ 159 ಲೀಟರ್, ಹಾಗಾದರೆ 477 ಕಿಲೋ ನೀರು. ಒಂದು ಕಿಲೋ ನೀರನ್ನು ಹಬೆಯಾಗಿಸಲು ಸುಮಾರು 2.5 ಮೆಗಾಜೂಲ್ ಎಂದರೆ ಒಟ್ಟು 1,190 ಮೆಗಾಜೂಲ್. ಬಾಯ್ಲರಿನ ದಕ್ಷತೆ 85% ಎಂದು ಹಿಡಿದರೆ ಸುಡಬೇಕಾದ ಅನಿಲ ಸುಮಾರು 1.4 ಗಿಗಾಜೂಲ್ (ಒಂದು ಗಿಗಾಜೂಲ್ ಎಂದರೆ ಸಾವಿರ ಮೆಗಾಜೂಲ್). ಬಂದ ಬಿಟುಮೆನ್‌ನ ಶಕ್ತಿ ಬ್ಯಾರೆಲ್ಲಿಗೆ 6.4 ಗಿಗಾಜೂಲ್ ಎಂದು ತೆಗೆದುಕೊಂಡರೆ ಅನುಪಾತ 4.6. ಹಬೆ-ಎಣ್ಣೆ ಅನುಪಾತ 2ಕ್ಕೆ ಇಳಿದರೆ ಇದು 6.8ಕ್ಕೆ ಏರುತ್ತದೆ, 5ಕ್ಕೆ ಏರಿದರೆ 2.7ಕ್ಕೆ ಬೀಳುತ್ತದೆ. ಒಂದೇ ತಂತ್ರಜ್ಞಾನ, ಆದರೆ ಬಂಡೆಯ ಗುಣ ಬದಲಾದರೆ ಫಲ ಎರಡೂವರೆ ಪಟ್ಟು ಬದಲಾಗುತ್ತದೆ. ಈ ಹಬೆಯ ಅಂಕಿಗೆ ಯಾರನ್ನೂ ಕಾಡಬೇಕಿಲ್ಲ. ಆಲ್ಬರ್ಟಾದ ಶಕ್ತಿ ನಿಯಂತ್ರಕ ಸಂಸ್ಥೆ ಎಸ್‌ಟಿ53 ಎಂಬ ಹೆಸರಿನಲ್ಲಿ ಒಂದೊಂದು ಯೋಜನೆಯ ಹಬೆ ಮತ್ತು ಬಿಟುಮೆನ್ ಲೆಕ್ಕವನ್ನು ಪ್ರಕಟಿಸುತ್ತದೆ. ಗಣಿಗಳಿಗೆ ಅಂಥದೇ ಎಸ್‌ಟಿ39 ಇದೆ.

ಇದು ಬಾವಿಯ ಬಾಯಿನ ಮಾತು. ಬಂದ ಬಿಟುಮೆನ್ ಪೈಪಿನಲ್ಲಿ ಹರಿಯುವುದಿಲ್ಲ. ಹಗುರ ಎಣ್ಣೆ ಬೆರೆಸಬೇಕು, ಇಲ್ಲವೇ ಅಪ್‌ಗ್ರೇಡರಿಗೆ ಕಳಿಸಬೇಕು. ಅದಕ್ಕೆಂದು ಇನ್ನೊಂದು ಗಿಗಾಜೂಲ್ ಖರ್ಚಾಯಿತು, ಕೈಗೆ 6.1 ಗಿಗಾಜೂಲಿನ ಹಗುರ ಎಣ್ಣೆ ಬಂತು ಎಂದುಕೊಳ್ಳಿ. ಮೊದಲ 4.6 ಈಗ 2.5. ಸಾಂಪ್ರದಾಯಿಕ ಹಗುರ ಎಣ್ಣೆಗೆ ಈ ಹೆಜ್ಜೆಯೇ ಇಲ್ಲ. ಎರಡನ್ನೂ ಬಾವಿಯ ಬಾಯಲ್ಲಿ ಹೋಲಿಸುವುದು ಭತ್ತವನ್ನೂ ಅಕ್ಕಿಯನ್ನೂ ಒಂದೇ ಸೇರಿನಲ್ಲಿ ಅಳೆದಂತೆ.

ನಮಗೆ ಇದು ದೂರದ ವಿಷಯವೂ ಅಲ್ಲ. ಭಾರತ ಬಳಸುವ ಕಚ್ಚಾ ಎಣ್ಣೆಯಲ್ಲಿ 85%ಕ್ಕಿಂತ ಹೆಚ್ಚು ಆಮದಿನದು. ಮಂಗಳೂರಿನ ಎಂಆರ್‌ಪಿಎಲ್‌ನಂಥ ಸಂಸ್ಕರಣಾಗಾರಕ್ಕೆ ಭಾರದ ಎಣ್ಣೆ ಬಂದರೆ ಅದನ್ನು ಹಗುರಗೊಳಿಸುವ ಶಾಖ, ಹೈಡ್ರೋಜನ್ ಎಲ್ಲ ಇಲ್ಲಿ ಖರ್ಚಾಗುತ್ತದೆ, ಅಲ್ಲಿಯ ಲೆಕ್ಕದಲ್ಲಿ ಕಾಣುವುದಿಲ್ಲ. ಆಮದು ಮಾಡುವ ನಾಡಿನವರು ಯಾವಾಗಲೂ ಸಂಸ್ಕರಿಸಿದ ಇಂಧನದವರೆಗೆ ಎಳೆದ ಗೆರೆಯನ್ನೇ ಕೇಳಬೇಕು.

ಮೂರನೆಯದು: ಕರೆಂಟನ್ನು ಮೀಟರಿನಲ್ಲಿ ಎಣಿಸುವುದೋ, ಕಲ್ಲಿದ್ದಲಿನಲ್ಲೋ?

ಕೊಲರಾಡೊ, ಯೂಟಾ, ವಯೋಮಿಂಗ್‌ಗಳಲ್ಲಿ ಹರಡಿರುವ ಗ್ರೀನ್ ರಿವರ್ ಬಂಡೆಯಲ್ಲಿ ಇರುವುದು ಎಣ್ಣೆಯಲ್ಲ, ಕೆರೋಜೆನ್. ಎಣ್ಣೆಯಾಗಲು ಬೇಕಾದಷ್ಟು ಕಾಲ ಬೇಯದ ವಸ್ತು. ಆ ಅಡುಗೆಯನ್ನು ನಾವೇ ಮುಗಿಸಬೇಕು. ಶೆಲ್ ಕಂಪನಿ ಪ್ರಯೋಗಿಸಿದ ವಿಧಾನದಲ್ಲಿ ಬಂಡೆಯೊಳಕ್ಕೇ ಕರೆಂಟಿನ ಹೀಟರ್ ಇಳಿಸಿ ವರ್ಷಗಟ್ಟಲೆ ಕಾಯಿಸಿ ಸುಮಾರು 350 ಡಿಗ್ರಿ ಸೆಲ್ಸಿಯಸ್‌ಗೆ ತರಬೇಕು. ಅಂತರ್ಜಲ ಒಳನುಗ್ಗದಂತೆ ಸುತ್ತಲಿನ ನೆಲವನ್ನು ಹೆಪ್ಪುಗಟ್ಟಿಸಿ ಮಂಜಿನ ಗೋಡೆ ಕಟ್ಟಬೇಕು. ಒಳಗೆ ಬೆಂಕಿ, ಸುತ್ತ ಹಿಮ, ಎರಡಕ್ಕೂ ಶಕ್ತಿ ಖರ್ಚು.

ಸ್ಟ್ಯಾನ್‌ಫರ್ಡ್‌ನ ಆಡಂ ಬ್ರ್ಯಾಂಟ್ 2008ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಕೊನೆಗೆ ಸಿಗುವ ಸಂಸ್ಕರಿತ ಇಂಧನ, ಹಾಕಿದ ಒಟ್ಟು ಮೂಲಶಕ್ತಿಯ 1.2ರಿಂದ 1.6 ಪಟ್ಟು ಮಾತ್ರ. ಇಲ್ಲಿ "ಮೂಲಶಕ್ತಿ" ಎಂಬ ಮಾತೇ ಪ್ರಾಣ, ಅಂದರೆ ಕರೆಂಟಾಗುವ ಮೊದಲು ಇಂಧನದಲ್ಲಿದ್ದ ಶಕ್ತಿ. ಕಲ್ಲಿದ್ದಲ ಸ್ಥಾವರದಲ್ಲಿ ಒಂದು ಪಾಲು ಕರೆಂಟಿಗೆ ಸುಮಾರು ಮೂರು ಪಾಲು ಶಾಖ ಬೇಕು. ಹಾಕಿದ 10 ಪಾಲಿನಲ್ಲಿ 8 ಪಾಲು ಕಲ್ಲಿದ್ದಲು, ಬಂದದ್ದು 14 ಪಾಲು ಇಂಧನ ಎಂದುಕೊಳ್ಳಿ: ಅನುಪಾತ 1.4. ಅದೇ 8 ಪಾಲನ್ನು ಮೀಟರಿನಲ್ಲಿ ಕಂಡ 2.7 ಪಾಲು ಕರೆಂಟೆಂದು ಬರೆದರೆ ಖರ್ಚು 4.7ಕ್ಕೆ ಇಳಿದು ಅನುಪಾತ ಕೂತಲ್ಲೇ 3 ಆಗುತ್ತದೆ. ನೆಲದಡಿ ಏನೂ ಬದಲಾಗಲಿಲ್ಲ. ವರದಿಯಲ್ಲಿ "ಕರೆಂಟು" ಎಂಬ ಪದ ಕಂಡ ಕೂಡಲೇ ಅದನ್ನು ಯಾವ ದರದಲ್ಲಿ ಮೂಲಶಕ್ತಿಗೆ ಪರಿವರ್ತಿಸಿದ್ದಾರೆ ಎಂದು ಹುಡುಕಿ. ಸಿಗದಿದ್ದರೆ ಆ ಅಂಕಿಯನ್ನು ಹೋಲಿಕೆಗೆ ಬಳಸಬೇಡಿ. ಶೆಲ್ 2013ರಲ್ಲಿ ಕೊಲರಾಡೊದ ಈ ಪ್ರಯೋಗದಿಂದ ಹಿಂದೆ ಸರಿಯಿತು.

ನಾಲ್ಕನೆಯದು: ವರ್ಷದ ಲೆಕ್ಕವೋ, ಬಾವಿಯ ಆಯಸ್ಸಿನ ಲೆಕ್ಕವೋ?

ನಾರ್ತ್ ಡಕೋಟಾದ ಬಾಕನ್ ಬಂಡೆಯ ಎಣ್ಣೆ ನಿಜವಾದ ಎಣ್ಣೆಯೇ, ಹಗುರವಾದದ್ದು. ಕಾಯಿಸಬೇಕಿಲ್ಲ. ಸುಮಾರು 3 ಕಿಲೋಮೀಟರ್ ಕೆಳಗಿಳಿದು, ಅಲ್ಲಿಂದ ಮತ್ತೆ ಅಷ್ಟೇ ದೂರ ಅಡ್ಡ ಕೊರೆದು, ನೀರು-ಮರಳನ್ನು ಭಾರೀ ಒತ್ತಡದಲ್ಲಿ ನುಗ್ಗಿಸಿ ಬಂಡೆ ಬಿರಿಸಬೇಕು. ಉಕ್ಕಿನ ಕೊಳವೆ, ಸಿಮೆಂಟು, ಪಂಪುಗಳ ಡೀಸೆಲ್, ಲಾರಿಗಳ ಓಡಾಟ, ಬಹುಪಾಲು ಖರ್ಚು ಮೊದಲ ಹನಿ ಬರುವ ಮುನ್ನವೇ ಮುಗಿಯುತ್ತದೆ. ಆಮೇಲೆ ಉತ್ಪಾದನೆ ಮೊದಲ ವರ್ಷದಲ್ಲೇ ಅರ್ಧಕ್ಕಿಂತ ಕೆಳಗಿಳಿದು, ಮುಂದೆ ನಿಧಾನಕ್ಕೆ ಬತ್ತುತ್ತಾ ಹೋಗುತ್ತದೆ.

ಹೀಗಿರುವಾಗ "ಈ ವರ್ಷ ಬಂದದ್ದು, ಈ ವರ್ಷ ಹಾಕಿದ್ದು" ಎಂದು ಭಾಗಿಸಿದರೆ ಏನಾಗುತ್ತದೆ? ಭರದಿಂದ ಕೊರೆಯುವ ವರ್ಷ ಅನುಪಾತ ಕುಗ್ಗುತ್ತದೆ, ಬೆಲೆ ಬಿದ್ದು ರಿಗ್‌ಗಳು ನಿಂತ ವರ್ಷ ಹಿಗ್ಗುತ್ತದೆ. ಅಡಿಕೆ ಸಸಿ ನೆಟ್ಟ ವರ್ಷ ತೋಟ ನಷ್ಟ, ನೆಡುವುದು ಬಿಟ್ಟ ವರ್ಷ ಲಾಭ ಎಂದಂತೆ. ಇದು ಬರೀ ತರ್ಕವಲ್ಲ. ಅಮೆರಿಕದ ಒಟ್ಟು ಎಣ್ಣೆ-ಅನಿಲ ಉತ್ಪಾದನೆಯ ಕುರಿತು ಗಿಲ್ಫರ್ಡ್, ಹಾಲ್ ಮತ್ತಿತರರು 2011ರಲ್ಲಿ ಪ್ರಕಟಿಸಿದ ದೀರ್ಘಕಾಲದ ಲೆಕ್ಕದಲ್ಲಿ ಅನುಪಾತ 1972ರವರೆಗೆ ಸುಮಾರು 20ರಲ್ಲಿದ್ದದ್ದು ಕೊರೆತ ತುತ್ತತುದಿಗೆ ಮುಟ್ಟಿದ 1982ರಲ್ಲಿ 8ಕ್ಕೆ ಬಿದ್ದು, ಕೊರೆತ ತಗ್ಗಿದ ಮೇಲೆ ಮತ್ತೆ 17ರವರೆಗೆ ಚೇತರಿಸಿತು. ಅದೇ ಲೇಖನದಲ್ಲಿ ಹೊಸ ನಿಕ್ಷೇಪ ಹುಡುಕುವ ಅನುಪಾತ 1919ರ ಸುಮಾರು 1,200ರಿಂದ 2007ರ ಹೊತ್ತಿಗೆ 5ಕ್ಕೆ ಇಳಿದಿದೆ. ಹಳೆಯ ಕಾಲದ ಎಣ್ಣೆಯ ಬಗ್ಗೆ ನೂರು, ಸಾವಿರ ಎಂಬ ಅಂಕಿ ಕೇಳಿದಾಗ ಅದು ಹುಡುಕುವ ಲೆಕ್ಕವೋ ತೆಗೆಯುವ ಲೆಕ್ಕವೋ ಎಂದು ವಿಚಾರಿಸದೆ ಮುಂದೆ ಹೋಗಬಾರದು.

ಬಾಕನ್‌ಗೆ ನಾನು ನೆಚ್ಚುವುದು ಬಾವಿಬಾವಿಗೂ ಮಾಡಿದ ಆಯಸ್ಸಿನ ಲೆಕ್ಕವನ್ನು. ಬ್ರ್ಯಾಂಟ್ ತಂಡ 2015ರಲ್ಲಿ 7,000ಕ್ಕೂ ಹೆಚ್ಚು ಬಾವಿಗಳಿಗೆ ಅದನ್ನು ಮಾಡಿ ಸರಾಸರಿ 30ರ ಆಸುಪಾಸಿನ ಅನುಪಾತ ಕಂಡಿತು. ಒಳ್ಳೆಯ ಬಾವಿಗೂ ಬಡ ಬಾವಿಗೂ ನಡುವೆ ಹಲವು ಪಟ್ಟು ಅಂತರವಿತ್ತು. ಆದರೆ ಆಯಸ್ಸಿನ ಲೆಕ್ಕಕ್ಕೂ ಒಂದು ದುರ್ಬಲ ಜಾಗವಿದೆ: ಬಾವಿ ಕೊನೆಗೆ ಒಟ್ಟು ಎಷ್ಟು ಕೊಡುತ್ತದೆ ಎಂಬ ಊಹೆ. ಐದು ವರ್ಷದ ದಾಖಲೆ ಇಟ್ಟುಕೊಂಡು ಮೂವತ್ತು ವರ್ಷದ ಬಾಲವನ್ನು ಎಳೆದಿದ್ದರೆ, ಆ ಬಾಲವನ್ನು ಅರ್ಧ ಕತ್ತರಿಸಿ ಇನ್ನೊಮ್ಮೆ ಭಾಗಿಸಿ ನೋಡಿ. ಬಾಕನ್‌ನಲ್ಲಿ ಹೀಗೆ ಕತ್ತರಿಸಿದರೂ ಸಂಖ್ಯೆ ಅಂಚಿನಿಂದ ದೂರವೇ ಉಳಿಯುತ್ತದೆ, ಆಯಿಲ್ ಶೇಲ್‌ಗೆ ಆ ಸಡಿಲಿಕೆ ಇಲ್ಲ. ಜೊತೆಗೆ ಉರಿಸಿಬಿಟ್ಟ ಅನಿಲದ ಪ್ರಶ್ನೆ. ಪೈಪ್‌ಲೈನ್ ಇಲ್ಲದೆ ನಾರ್ತ್ ಡಕೋಟಾದಲ್ಲಿ 2010ರ ದಶಕದ ಮೊದಲ ವರ್ಷಗಳಲ್ಲಿ ಎಣ್ಣೆಯ ಜೊತೆ ಬಂದ ಅನಿಲದ ಸುಮಾರು ಮೂರನೇ ಒಂದು ಪಾಲನ್ನು ಹಾಗೇ ಉರಿಸಿದರು. ಅದು ಕೆಲಸಕ್ಕೆ ಹಾಕಿದ ಶಕ್ತಿಯಲ್ಲ, ವ್ಯರ್ಥ. ಛೇದದಲ್ಲಿ ಸೇರಿಸದಿದ್ದರೂ ಪಕ್ಕದಲ್ಲಿ ಬರೆದಿರಬೇಕು.

ಹಣದಿಂದಲೋ, ಜೂಲಿನಿಂದಲೋ?

ಇಂಧನದ ಬಿಲ್ಲು ಸಿಗದಾಗ ಖರ್ಚಾದ ಡಾಲರನ್ನು "ಡಾಲರಿಗೆ ಇಷ್ಟು ಮೆಗಾಜೂಲ್" ಎಂದು ಗುಣಿಸುವ ರೂಢಿಯಿದೆ. ಉಕ್ಕು, ಯಂತ್ರ, ಸೇವೆಗಳ ಪರೋಕ್ಷ ಖರ್ಚು ಹಿಡಿಯಲು ಅನುಕೂಲ. ಆದರೆ ಎಣ್ಣೆ ಬೆಲೆ ಏರಿದಾಗ ರಿಗ್ ಬಾಡಿಗೆಯೂ ಏರುತ್ತದೆ, ಶಕ್ತಿ ಅಷ್ಟೇ ಖರ್ಚಾದರೂ ಲೆಕ್ಕದಲ್ಲಿ ಹೆಚ್ಚಾಗಿ ಕಾಣುತ್ತದೆ. ನೇರ ಇಂಧನಕ್ಕೆ ಜೂಲ್, ಉಳಿದ ಚಿಲ್ಲರೆಗೆ ಡಾಲರ್ ಎಂದು ಬೆರೆಸಿದ್ದರೆ ಒಪ್ಪಬಹುದು.

ಹಾಗಾದರೆ ಯಾರು ಯಾವುದನ್ನು ಹಿಡಿಯಬೇಕು

ಹವಾಮಾನದ ಬಗ್ಗೆ ಬರೆಯುವವರು ಒಟ್ಟು ಖರ್ಚಿನ ಅನುಪಾತವನ್ನು ಸಂಸ್ಕರಿತ ಇಂಧನದವರೆಗೆ, ಕರೆಂಟನ್ನು ಮೂಲಶಕ್ತಿಯಾಗಿ ಪರಿವರ್ತಿಸಿ ತೆಗೆದುಕೊಳ್ಳಲಿ. ಒಂದು ದೇಶದ ಇಂಧನ ಭದ್ರತೆ ಅಳೆಯುವವರಿಗೆ ಬಾಹ್ಯ ಅನುಪಾತ ಹೆಚ್ಚು ಉಪಯುಕ್ತ, ಆದರೆ ಜೊತೆಗೆ ಇನ್ನೊಂದನ್ನೂ ನೋಡಬೇಕು: ಹಾಕಿದ್ದರಲ್ಲಿ ದ್ರವ ಇಂಧನ ಎಷ್ಟು, ಅನಿಲ ಎಷ್ಟು. ಎಸ್‌ಎಜಿಡಿ ಒಂದು ರೀತಿಯಲ್ಲಿ ಅಗ್ಗದ ಅನಿಲವನ್ನು ಲಾರಿ ಓಡಿಸುವ ದ್ರವವಾಗಿ ಬದಲಿಸುವ ಯಂತ್ರ. ಅನಿಲ ಹೇರಳವಾಗಿರುವ ಆಲ್ಬರ್ಟಾಕ್ಕೆ ಅದು ಒಗ್ಗುತ್ತದೆ, ಎಲ್ಲರಿಗೂ ಒಗ್ಗಬೇಕೆಂದಿಲ್ಲ. ಕಂಪನಿ ಕಂಪನಿಗಳ ದಕ್ಷತೆ ಹೋಲಿಸುವವರಿಗೆ ಬಾವಿಯ ಬಾಯಿನ ಅಂಕಿಯೇ ಸಾಕು, ಎರಡೂ ಒಂದೇ ಬಗೆಯ ಎಣ್ಣೆ ಆಗಿರುವತನಕ. ಸಮಾಜಕ್ಕೆ ಕನಿಷ್ಠ ಎಷ್ಟು ಬೇಕು ಎಂದು ಕೇಳುವವರಿಗೆ ಹಾಲ್, ಬಾಲೋ, ಮರ್ಫಿ 2009ರಲ್ಲಿ ಕೊಟ್ಟ ಸೂಚನೆ ಇದೆ: ಎಣ್ಣೆಗೆ ಬಾವಿಯ ಬಾಯಲ್ಲಿ 3. ಅದು ಬಾವಿಯ ಬಾಯಿನ ಅಂಕಿ ಎಂಬುದನ್ನು ಮರೆತು ಬಂಕಿನ ಅನುಪಾತದ ಪಕ್ಕ ಇಡುವವರನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಮೂರು ಎಣ್ಣೆಗಳನ್ನು ಒಂದೇ ಗೆರೆಗೆ ತಂದು ನೋಡಿದರೆ ನನ್ನ ಓದು ಹೀಗಿದೆ. ಬಾಕನ್‌ನಂಥ ಟೈಟ್ ಆಯಿಲ್‌ಗೆ ನಿವ್ವಳ ಶಕ್ತಿ ದೊಡ್ಡ ತೊಡಕಲ್ಲ; ಅಲ್ಲಿಯ ತೊಡಕು ಒಳ್ಳೆಯ ಜಾಗಗಳು ಎಷ್ಟು ಬೇಗ ಮುಗಿಯುತ್ತವೆ ಎಂಬುದು. ಆಯಿಲ್ ಸ್ಯಾಂಡ್ಸ್ ನಡುವಿನ ಸ್ಥಿತಿಯಲ್ಲಿದೆ. ಬ್ರ್ಯಾಂಟ್ ತಂಡ 1970ರಿಂದ 2010ರವರೆಗಿನ ದಾಖಲೆ ನೋಡಿದಾಗ ಅನುಪಾತ ಗಣನೀಯವಾಗಿ ಸುಧಾರಿಸಿತ್ತು, ಆದರೂ ಸಾಂಪ್ರದಾಯಿಕ ಎಣ್ಣೆಗಿಂತ ಕೆಳಗೇ ಉಳಿದಿತ್ತು. ಕೆರೋಜೆನ್ ಕಾಯಿಸುವ ಆಯಿಲ್ ಶೇಲ್ ಯಾವ ಪ್ರಾಮಾಣಿಕ ಅಳತೆಯಲ್ಲೂ ಅಂಚಿನಿಂದ ಹಿಂದೆ ಸರಿಯುವುದಿಲ್ಲ.

ಒಂದು ಬಾಬತ್ತು ಮಾತ್ರ ಈ ಯಾವ ಅನುಪಾತದಲ್ಲೂ ಸರಿಯಾಗಿ ಕೂತಿಲ್ಲ. ಆಲ್ಬರ್ಟಾದ ಗಣಿಗಳಲ್ಲಿ ಮರಳು ತೊಳೆದ ನೀರು ದೊಡ್ಡ ಕೆರೆಗಳಲ್ಲಿ ನಿಂತಿದೆ. ಅದರೊಳಗಿನ ನುಣ್ಣನೆಯ ಜೇಡಿಯನ್ನು ಹಾಗೇ ಬಿಟ್ಟರೆ ದಶಕಗಳು ಕಳೆದರೂ ಪೂರ್ತಿ ತಳಕ್ಕಿಳಿಯುವುದಿಲ್ಲ. ಆ ನೀರನ್ನು ಪಂಪು ಮಾಡಬೇಕು, ಶುದ್ಧ ಮಾಡಬೇಕು, ನೆಲವನ್ನು ಮತ್ತೆ ನೆಲವಾಗಿಸಬೇಕು. ಆ ಶಕ್ತಿಯಲ್ಲಿ ದೊಡ್ಡ ಪಾಲು ಕೊನೆಯ ಬ್ಯಾರೆಲ್ ಮಾರಿದ ಮೇಲೆ ಖರ್ಚಾಗುವಂಥದು. ಹೋಲಿಕೆಯ ಪಟ್ಟಿ ಮಾಡುವಾಗ ನಾನು ಗಣಿ ಎಣ್ಣೆಯ ಅಂಕಿಯ ಮುಂದೆ ಇನ್ನೊಂದು ಅಂಕಣ ಎಳೆದು, ಅದರಲ್ಲಿ "ಕೆರೆಗಳ ಲೆಕ್ಕ ಬಾಕಿ" ಎಂದು ಬರೆದಿಡುತ್ತೇನೆ.